ಕೈತಪ್ಪಿದ ಗೇರು

ದೊಡ್ಡಪ್ಪನ ಹಳದಿ ಕಾರಿಗೆ ದೊಡ್ಡಮ್ಮ ಇಟ್ಟಿದ್ದ ಹೆಸರು ಸವತಿ. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಇನ್ನೆಲ್ಲಿರ್ತಾರೆ, ಹಿಂದುಗಡೆ ಶೆಡ್ಡಲ್ಲಿ ಸವತಿ ಕಾಲು ಒತ್ತುತ್ತಾ ಕೂತಿರ್ತಾರೆ, ಹೋಗಿ ನೋಡಿ" ಅನ್ನುತ್ತಿದ್ದಳು. ಹಾಗಂದರೂ ಚಳಿಗಾಲದಲ್ಲಿ ಆ ಕಾರಿಗೆ ಹೊದಿಸಲು ತನ್ನ ಹಳೆಯ ಕಂಬಳಿಗಳನ್ನು ಜೋಡಿಸಿ ಹೊಲಿದುಕೊಟ್ಟವಳು ಅವಳೇ.

ಒಂದು ಕಾಲಕ್ಕೆ ಅದು ರಸ್ತೆಗಿಳಿದ ಕಾರುಗಳಲ್ಲೆಲ್ಲ ಅತಿ ವೇಗದ್ದೆಂದು ಹೆಸರಾಗಿತ್ತು. ಬೆಣೆಯಂಥ ಮೂತಿ, ಸೊಂಟದೆತ್ತರಕ್ಕೂ ಬಾರದ ಮೈ, ಸೀಟಿನ ಬೆನ್ನಿಗೇ ಆತುಕೊಂಡ ಹನ್ನೆರಡು ಸಿಲಿಂಡರಿನ ಎಂಜಿನ್. ಹುಡುಗರು ಅದರ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಕನಸು ಕಾಣುತ್ತಿದ್ದರು. ಯಾವನೋ ಹಣವಂತ ಅದನ್ನು ಮನಸ್ಸಿಗೆ ಬಂದಂತೆ ಓಡಿಸಿ, ಬೆಂಕಿ ತಗಲಿಸಿ, ಗುಜರಿ ಅಂಗಳಕ್ಕೆ ನೂಕಿದ್ದ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ವಯಸ್ಸು ಕಳೆದ ದೊಡ್ಡಪ್ಪ ಆ ಕರಕಲನ್ನು ಕಬ್ಬಿಣದ ಬೆಲೆಗೆ ತಂದರು. ರಜಾದಿನಗಳನ್ನೆಲ್ಲ ಅದಕ್ಕೇ ಸುರಿದು, ಸಿಗದ ಭಾಗಗಳನ್ನು ಶೆಡ್ಡಿನಲ್ಲಿಟ್ಟುಕೊಂಡ ಹಳೆಯ ಲೇತಿನಲ್ಲಿ ತಾವೇ ಕಡೆದು ಕೂರಿಸಿ, ಕೊನೆಗೊಮ್ಮೆ ಅದು ಉಸಿರಾಡುವಂತೆ ಮಾಡಿದರು. ಅಂದು ಇಡೀ ಬೀದಿ ಹೊರಗೆ ಬಂದು ನಿಂತಿತ್ತು. ಎದುರುಮನೆಯ ಮಗು ಹೆದರಿ ಅತ್ತಿತ್ತು.

ಗುಬ್ಬಿ ದೊಡ್ಡಪ್ಪನ ತಮ್ಮನ ಮಗಳು. ಹುಟ್ಟುವಾಗ ತೀರಾ ಪುಟ್ಟಗಿದ್ದಳೆಂದು ಬಂದ ಹೆಸರು. ಕೂದಲಲ್ಲಿ ಬಿಳಿ ಇಣುಕಿದರೂ ಮನೆಯವರ ಬಾಯಲ್ಲಿ ಅದು ಹೋಗಲಿಲ್ಲ. ಅವಳಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ದೊಡ್ಡಪ್ಪ, ಮುಂದೆ ಆ ವಿದ್ಯೆಯೇ ಅವಳ ಅನ್ನವಾಯಿತು. ಕಾರುಗಳ ಪತ್ರಿಕೆಯೊಂದರಲ್ಲಿ ಹೊಸ ಗಾಡಿಗಳನ್ನು ಓಡಿಸಿ ನೋಡಿ ಬರೆಯುವುದು ಅವಳ ಕೆಲಸ. ಒಳ್ಳೆಯ ಕೈ ಎಂದು ಹೆಸರಿತ್ತು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಒಂದು ಭಾನುವಾರ ಊಟದ ಮೇಜಿನ ಹತ್ತಿರ ಅವಳು ವಿಷಯ ತೆಗೆದಳು.

"ದೊಡ್ಡಪ್ಪ, ನಮ್ಮ ಸಂಪಾದಕರಿಗೆ ಹೊಸ ಹುಚ್ಚು ಹಿಡಿದಿದೆ. ಹಳೇ ಕಾಲದ ಸೂಪರ್‌ಕಾರು, ಈ ಕಾಲದ ಸ್ಪೋರ್ಟ್ಸ್ ಕಾರು, ಎರಡನ್ನೂ ಒಂದೇ ದಿನ ಒಂದೇ ಕಡೆ ಓಡಿಸಿ ಬರೀಬೇಕಂತೆ. ಹೊಸದನ್ನ ಕಂಪನಿಯವರೇ ತಂದುಕೊಡ್ತಾರೆ. ಹಳೇದು..."

"ಹಳೇದು ಬೇಕಾದ್ರೆ ನಾನಿದೀನಲ್ಲ," ಎಂದಳು ದೊಡ್ಡಮ್ಮ.

ಎಲ್ಲರೂ ನಕ್ಕರು, ಅಕ್ಕನೊಬ್ಬಳನ್ನು ಬಿಟ್ಟು. ಅಕ್ಕ ದೊಡ್ಡಪ್ಪನ ಒಬ್ಬಳೇ ಮಗಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಕೆಲಸ, ಗಂಡನೊಂದಿಗೆ ಅದೇ ಮನೆಯ ಮಹಡಿಯಲ್ಲಿ ವಾಸ. "ಅಪ್ಪ ಅಷ್ಟು ದೂರ ಓಡಿಸ್ಕೊಂಡು ಬರೋದು ಬೇಡ. ಗೇರ್ ಹಿಡಿಯೋ ಕೈ ನಡುಗತ್ತೆ ಅವರಿಗೆ," ಎಂದಳು.

"ನಡುಗೋದು ನಿನ್ನ ಕಣ್ಣು," ಎಂದರು ದೊಡ್ಡಪ್ಪ. ಆಮೇಲೆ ಗುಬ್ಬಿಯ ಕಡೆ ತಿರುಗಿ, "ಕೊಡ್ತೀನಿ. ಆದ್ರೆ ಎಂಜಿನ್ ಸುತ್ತಿನ ಮುಳ್ಳು ಆರು ಸಾವಿರ ದಾಟಬಾರದು. ಗೇರಿಗೆ ಅವಸರ ಮಾಡಬಾರದು. ಏನೇ ಸದ್ದು ಬಂದ್ರೂ ನಂಗೆ ಹೇಳ್ಬೇಕು. ಅಷ್ಟೇ."

"ಆಯ್ತು ದೊಡ್ಡಪ್ಪ," ಎಂದಳು ಗುಬ್ಬಿ.

ವಿಮಾನಗಳು ಬರುವುದು ನಿಂತುಹೋದ ಹಳೆಯ ಓಡುದಾರಿಯೊಂದನ್ನು ಪತ್ರಿಕೆಯವರು ಬಾಡಿಗೆಗೆ ಹಿಡಿದಿದ್ದರು. ಸಿಮೆಂಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಒಂದು ತುದಿಯಲ್ಲಿ ತಗಡಿನ ಕೊಟ್ಟಿಗೆ, ಇನ್ನೊಂದು ತುದಿಯಲ್ಲಿ ಅಗಲವಾದ ತಿರುವು. ದೊಡ್ಡಪ್ಪ ಬೆಳಗ್ಗೆಯೇ ಹಳದಿ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಹೊಸ ಕಾರು ಮುಚ್ಚಿದ ಲಾರಿಯಿಂದ ಇಳಿಯಿತು. ಬೂದು ಬಣ್ಣ, ಅಲ್ಲಲ್ಲಿ ಗಾಳಿಗಾಗಿ ಕೊರೆದ ಬಾಯಿಗಳು, ಹುಲಿಯ ಹಾಗೆ ಕಾಲು ಅಗಲಿಸಿ ನಿಂತ ನಿಲುವು. ಅದರ ಜೊತೆಗೆ ಕಂಪನಿಯ ಎಂಜಿನಿಯರ್ ಬಂದಿದ್ದ. ಪತ್ರಿಕೆಯ ಛಾಯಾಗ್ರಾಹಕನಿಗೆ ಎಲ್ಲರೂ ಕ್ಲಿಕ್ಕಣ್ಣ ಅನ್ನುತ್ತಿದ್ದರು. ಅವನು ಆಗಲೇ ಹುಲ್ಲಿನ ಮೇಲೆ ಬೋರಲಾಗಿ ಮಲಗಿ, "ಆಹಾ, ಅಜ್ಜಿ ಮೊಮ್ಮಗಳು ಒಂದೇ ಫ್ರೇಮಲ್ಲಿ!" ಎಂದು ಕೂಗುತ್ತಿದ್ದ.

ಗುಬ್ಬಿ ಮೊದಲು ಹೊಸದಕ್ಕೆ ಹತ್ತಿದಳು. ಕ್ಲಚ್ಚಿಲ್ಲ, ಗೇರಿನ ಕೋಲಿಲ್ಲ. ಸ್ಟೀರಿಂಗ್ ಹಿಂದೆ ಎರಡು ಕಿವಿಗಳು, ಬಲದ್ದು ಎಳೆದರೆ ಗೇರು ಏರುತ್ತದೆ, ಎಡದ್ದು ಎಳೆದರೆ ಇಳಿಯುತ್ತದೆ. ಕಾಲು ಒತ್ತಿದ್ದೇ ತಡ, ಯಾರೋ ಬೆನ್ನಿಗೆ ಎರಡೂ ಕೈಯಿಟ್ಟು ನೂಕಿದ ಹಾಗಾಯಿತು. ತಿರುವಿನಲ್ಲಿ ಅವಳು ಬೇಕೆಂದೇ ಜೋರಾಗಿ ನುಗ್ಗಿದಳು. ಹಿಂದಿನ ಚಕ್ರ ಜಾರುವುದರೊಳಗೆ ಕಾರು ತಾನೇ ಒಂದಿಷ್ಟು ಬ್ರೇಕು ಹಿಡಿದು, ಒಂದಿಷ್ಟು ಶಕ್ತಿ ತಗ್ಗಿಸಿ, ಅವಳನ್ನು ನೇರ ಮಾಡಿ ಕಳಿಸಿತು. ಒಮ್ಮೆ ಉತ್ಸಾಹದಲ್ಲಿ ಎಡಗಿವಿಯನ್ನು ಎರಡು ಸಲ ಎಳೆದುಬಿಟ್ಟಳು. ಆ ವೇಗಕ್ಕೆ ಆ ಗೇರು ಬಿದ್ದಿದ್ದರೆ ಎಂಜಿನ್ ಪುಡಿ. ಕಾರು 'ಟುಂಯ್' ಎಂದು ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು. ಗೇರು ಕೊಡಲೇ ಇಲ್ಲ.

"ತಪ್ಪು ಕೇಳಿದ್ರೆ ಕೊಡಲ್ಲ ಮೇಡಂ," ಎಂದ ಎಂಜಿನಿಯರ್, ಅವಳು ಇಳಿದು ಹೇಳಿದಾಗ. "ಓಡಿಸೋರು ಮನುಷ್ಯರು ಅಂತ ಗೊತ್ತಿದ್ದೇ ಮಾಡಿರೋದು."

ದೊಡ್ಡಪ್ಪನಿಗೆ ಇದು ಬಹಳ ಹಿಡಿಸಿತು. "ಎಲ್ಲಿ, ನಂಗೂ ತೋರ್ಸಿ," ಎಂದು ಮಗುವಿನ ಹಾಗೆ ಹೊಸ ಕಾರಿನೊಳಗೆ ಹೋಗಿ ಕೂತರು. ಎಂಜಿನಿಯರ್ ಪಕ್ಕದಲ್ಲಿ ಕೂತು ಬಾಗಿಲು ಮುಚ್ಚಿ, ಪರದೆ ಒತ್ತಿ ಒಂದೊಂದೇ ವಿವರಿಸತೊಡಗಿದ. ಗಾಜಿನ ಹಿಂದೆ ದೊಡ್ಡಪ್ಪ ತಲೆಯಾಡಿಸುವುದು, ಕುಳಿತಲ್ಲೇ ಸೀಟು ಬೆಚ್ಚಗಾದಾಗ ಬೆಚ್ಚಿ ನಗುವುದು ಕಾಣುತ್ತಿತ್ತು.

ಗುಬ್ಬಿ ಹಳದಿ ಕಾರಿಗೆ ಇಳಿದಳು. ಇಳಿದಳೆಂದೇ ಹೇಳಬೇಕು, ಅದರ ಸೀಟು ನೆಲದ ಮೇಲೆಯೇ ಇದ್ದ ಹಾಗಿತ್ತು. ಒಳಗೆ ಪೆಟ್ರೋಲು, ಚರ್ಮ, ಹಳೆ ಎಣ್ಣೆ ಎಲ್ಲ ಸೇರಿದ ವಾಸನೆ. ಕ್ಲಚ್ಚು ತುಳಿಯಲು ತೊಡೆಯ ಬಲ ಪೂರ್ತಿ ಬೇಕು. ಸ್ಟೀರಿಂಗ್ ನಿಂತಲ್ಲಿ ಕಲ್ಲು, ಓಡುವಾಗ ಜೀವಂತ: ರಸ್ತೆಯ ಪ್ರತಿ ಬಿರುಕನ್ನೂ ಅಂಗೈಗೆ ತಂದು ಹೇಳುತ್ತದೆ. ಹೊಳೆಯುವ ಲೋಹದ ತಟ್ಟೆಯಲ್ಲಿ ಗೇರಿನ ದಾರಿಗಳನ್ನು ಕೊರೆದಿತ್ತು, ಕೋಲು ಆ ದಾರಿಗಳಲ್ಲೇ 'ಟಣ್' ಎಂದು ಓಡಾಡಬೇಕು. ಮೂರನೆಯ ಗೇರು ನಡುವಿನ ದಾರಿಯ ಕೆಳಗೆ. ನಾಲ್ಕನೆಯದಕ್ಕೆ ಮೇಲೆತ್ತಿ ಬಲಕ್ಕೆ ವಾಲಿಸಬೇಕು. ವಾಲಿಸದೆ ನೇರ ಮೇಲೆ ತಳ್ಳಿದರೆ ಅದು ಎರಡನೆಯದು.

ಅಳತೆಗೂ ಲೆಕ್ಕಕ್ಕೂ ಹೊಸದರ ಮುಂದೆ ಇದು ಸೋಲುತ್ತಿತ್ತು: ನಿಧಾನ, ಬಿಸಿ, ಹಿಂದೇನಿದೆ ಎಂದು ಕಾಣದು. ಆದರೆ ಎಂಜಿನ್ ಮೂರು ಸಾವಿರ ದಾಟಿ ಹಾಡತೊಡಗಿದಾಗ ಗುಬ್ಬಿಯ ಮೈಮೇಲೆ ರೋಮ ಎದ್ದಿತು. ಹೊಸದರಲ್ಲಿ ತನ್ನನ್ನು ಯಾರೋ ಕರೆದುಕೊಂಡು ಹೋಗಿದ್ದರು, ಇಲ್ಲಿ ಹೋಗುತ್ತಿರುವವಳು ತಾನು ಅನ್ನಿಸಿತು. ಎಲ್ಲ ಸುತ್ತುಗಳನ್ನೂ ಎಚ್ಚರದಿಂದಲೇ ಮುಗಿಸಿದಳು.

ವಾಪಸು ಬರುವಾಗ ಕ್ಲಿಕ್ಕಣ್ಣ ಕೈ ಬೀಸಿದ. "ಇನ್ನೊಂದೇ ಒಂದು ಸಲ! ಸ್ವಲ್ಪ ಜೋರಾಗಿ ಬಾ, ಹಿಂದೆ ಧೂಳು ಏಳ್ಬೇಕು!"

ಅವಳು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಎರಡು, ಮೂರು, ಮುಳ್ಳು ಆರರ ಹತ್ತಿರ. ಕ್ಯಾಮೆರಾ ಎದುರು ಬರುತ್ತಿತ್ತು, ಅವಳ ಮನಸ್ಸು ಆಗಲೇ ಬರೆಯಬೇಕಾದ ಸಾಲಿನ ಮೇಲಿತ್ತು. ಕೈ ಕೋಲನ್ನು ಮೇಲಕ್ಕೆ ತಳ್ಳಿತು. ನೇರ ಮೇಲಕ್ಕೆ. ಕಾಲು ಕ್ಲಚ್ಚು ಬಿಟ್ಟಿತು.

ಬೆನ್ನ ಹಿಂದೆ ಎಂಜಿನ್ ಚೀರಿತು. ಕಾರಿನ ಹಿಂಭಾಗ ಒಮ್ಮೆ ಅದುರಿ ಅಡ್ಡ ಸರಿಯಿತು, ಮುಳ್ಳು ಕೆಂಪು ಗೆರೆ ದಾಟಿ, ಅಂಕಿಗಳೇ ಇಲ್ಲದ ಜಾಗಕ್ಕೆ ಹೋಗಿ ಬಡಿಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಅವಳು ಮತ್ತೆ ಕ್ಲಚ್ಚು ತುಳಿದಳು. ಕಾರು ಉರುಳುತ್ತಾ ಹೋಗಿ ನಿಂತಿತು. ಎಂಜಿನ್ ನಿಂತಿರಲಿಲ್ಲ, ಓಡುತ್ತಲೇ ಇತ್ತು. ಅದರ ಒಳಗೆಲ್ಲೋ ಬೆರಳುಗುರಿನಿಂದ ತಗಡು ತಟ್ಟಿದಂಥ ಸಣ್ಣ ಸದ್ದು ಸೇರಿಕೊಂಡಿತ್ತು.

"ಸೂಪರ್! ಸಿಕ್ತು!" ಎಂದು ಕೂಗಿದ ಕ್ಲಿಕ್ಕಣ್ಣ. ಅವನಿಗೆ ಕಾರುಗಳ ಬಣ್ಣ ಗೊತ್ತು, ಸದ್ದು ಗೊತ್ತಿಲ್ಲ.

ಕೊಟ್ಟಿಗೆಯ ಹತ್ತಿರ ಬಂದಾಗ ದೊಡ್ಡಪ್ಪ ಹೊಸ ಕಾರಿನಿಂದ ಇಳಿಯುತ್ತಿದ್ದರು. ಮುಚ್ಚಿದ ಗಾಜಿನೊಳಗೆ ಹಾಡು ಕೇಳುತ್ತಾ ಕೂತಿದ್ದವರಿಗೆ ಏನೂ ಕೇಳಿರಲಿಲ್ಲ. "ಹೇಗಿತ್ತೇ ಗುಬ್ಬಿ?" ಎಂದರು, ಮುಖವೆಲ್ಲ ಬೆಳಕಾಗಿ.

ಆ ಗಳಿಗೆಯಲ್ಲೇ ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಪಕ್ಕದಲ್ಲಿ ಎಂಜಿನಿಯರ್ ನಿಂತಿದ್ದ, ಕ್ಲಿಕ್ಕಣ್ಣ ಬರುತ್ತಿದ್ದ. ಒಳ್ಳೆಯ ಕೈ ಎಂಬ ಹೆಸರಿತ್ತು.

"ತುಂಬಾ ಚೆನ್ನಾಗಿತ್ತು ದೊಡ್ಡಪ್ಪ," ಎಂದಳು.

ದೊಡ್ಡಪ್ಪ ಎಂಜಿನ್ ಕಡೆ ತಲೆ ವಾಲಿಸಿದರು. ಲೇತಿನ ಗದ್ದಲದಲ್ಲಿ ಅರ್ಧ ಸವೆದ ಕಿವಿ. ಆದರೂ ಏನೋ ತಟ್ಟಿತು. "ಸ್ವಲ್ಪ ಕೆಮ್ಮಿದ ಹಾಗಿದೆಯಲ್ಲ? ಏನಾದ್ರೂ ಆಯ್ತಾ?"

"ಇಲ್ಲಪ್ಪ. ಬಿಸಿಲಿಗಿರಬೇಕು."

"ಹೂಂ. ಪೆಟ್ರೋಲೂ ಹಳೇದು," ಎಂದು ತಾವೇ ಸಮಾಧಾನ ಮಾಡಿಕೊಂಡು, ಸೀಟಿನ ಮೇಲೆ ಬಟ್ಟೆ ಹಾಸಿ, ಕೈ ಬೀಸಿ ಹೊರಟುಹೋದರು. ಹಳದಿ ಬಣ್ಣ ಗೇಟು ದಾಟುವವರೆಗೂ ಗುಬ್ಬಿ ನೋಡುತ್ತಾ ನಿಂತಿದ್ದಳು. ಲಾರಿ ಅಲ್ಲೇ ಇತ್ತು. ಕಾರನ್ನು ಅದರ ಮೇಲೆ ಹತ್ತಿಸಿ ಕಳಿಸಿ ಎಂದು ಒಂದು ಮಾತು ಹೇಳಿದ್ದರೂ ಸಾಕಿತ್ತೆಂಬುದು ಅವಳಿಗೆ ಹೊಳೆದದ್ದು ಆಮೇಲೆ.

ಸಂಜೆ ಅಕ್ಕನ ಫೋನು ಬಂತು. "ಮೇಲ್ಸೇತುವೆ ಏರೋವಾಗ ಅಪ್ಪನ ಗಾಡಿ ಢಂ ಅಂತ ನಿಂತುಹೋಯ್ತಂತೆ. ಹಿಂದೆ ಬಸ್ಸು ಬರ್ತಿತ್ತು ಕಣೇ, ಸ್ವಲ್ಪದರಲ್ಲಿ ತಪ್ತು. ಮೈಗೆ ಏನೂ ಆಗಿಲ್ಲ. ಆದ್ರೆ ಮುಖ ನೋಡೋಕಾಗ್ತಿಲ್ಲ."

ಮರುದಿನ ಗುಬ್ಬಿ ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬ ಎಂಜಿನ್ನಿನ ಮೇಲ್ಭಾಗ ಬಿಚ್ಚುತ್ತಿದ್ದ. ಕೆಲವು ವಾಲ್ವುಗಳು ಬಗ್ಗಿದ್ದವು, ಒಂದರ ತಲೆ ಮುರಿದು ಸಿಲಿಂಡರಿನೊಳಗೆ ಬಿದ್ದು ಪಿಸ್ಟನ್ನನ್ನು ಜಜ್ಜಿ ಹಾಕಿತ್ತು.

"ತಪ್ಪು ಗೇರಿಗೆ ಬಿದ್ದಿದೆ. ವಾಲ್ವು ಬಗ್ಗಿದ ಮೇಲೂ ಓಡ್ಸಿದ್ದಕ್ಕೆ ಈ ಗತಿ. ಅಲ್ಲೇ ನಿಲ್ಸಿದ್ರೆ ಅಷ್ಟಕ್ಕೇ ಮುಗೀತಿತ್ತು," ಎಂದ ಅವನು.

ಗುಬ್ಬಿ ಬಗ್ಗಿ ಜಜ್ಜಿದ ಪಿಸ್ಟನ್ನನ್ನು ನೋಡಿದಳು. ತಪ್ಪು ಗೇರು ಒಂದು ಪಾಪ. ಆದರೆ ಪಿಸ್ಟನ್ನನ್ನು ಜಜ್ಜಿದ್ದು ಗೇರಲ್ಲ, ಅವಳ 'ಇಲ್ಲಪ್ಪ'.

ದೊಡ್ಡಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ತಮ್ಮ ಕೈಯನ್ನೇ ನೋಡುತ್ತಿದ್ದರು. ಚಾಚಿದ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. "ದಾರೀಲೆಲ್ಲೋ ಮೂರಕ್ಕೆ ಹಾಕೋಕೆ ಹೋಗಿ ಎಲ್ಲಿಗೆ ಹಾಕಿದ್ನೋ," ಎಂದರು ಯಾರಿಗೂ ಅಲ್ಲದ ಹಾಗೆ. "ಹಾಕಿದ್ದೇ ನೆನಪಿಲ್ಲ. ಕೈಯೂ ಹೋಯ್ತು, ತಲೆಯೂ ಹೋಯ್ತು." ಆಮೇಲೆ ಗುಬ್ಬಿಯನ್ನು ಕಂಡು, "ಬಂದ್ಯಾ. ಒಂದು ಉಪಕಾರ ಮಾಡಮ್ಮ. ಬರೆಯುವಾಗ ತಪ್ಪು ಗಾಡಿ ಮೇಲೆ ಹಾಕ್ಬೇಡ. ಗಾಡಿ ಚಿನ್ನದಂಥದ್ದು, ಓಡಿಸಿದವನ ಕೈ ಸರಿಯಿರಲಿಲ್ಲ ಅಂತ ಬರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಳ್ಳಿಯ ಹೆಗಲನ್ನು ಯಾರೂ ನೋಡುತ್ತಿರಲಿಲ್ಲ. ಕದಿಯದವರೇ ತಮ್ಮ ಹೆಗಲು ಒರೆಸಿಕೊಳ್ಳುತ್ತಾ ಕೂತಿದ್ದರು. ಗುಬ್ಬಿ ಹೇಳದೆಯೇ ಹೊರಗೆ ಬಂದಳು.

ಅಂಗಳದಲ್ಲಿ ಅಕ್ಕ ಅವಳನ್ನು ಪಕ್ಕಕ್ಕೆ ಕರೆದಳು. "ಕೀಲಿಕೈ ನನ್ನ ಕೈಗೆ ತಾವಾಗೇ ಕೊಟ್ರು ಕಣೇ. ಎಷ್ಟು ದಿನದಿಂದ ಬೇಡ್ಕೊಂಡಿದ್ದೆ! ಗಾಡಿ ಹೋದ್ರೆ ಹೋಯ್ತು. ಇವತ್ತಲ್ಲ ನಾಳೆ ಯಾರಿಗಾದ್ರೂ ಡಿಕ್ಕಿ ಹೊಡೆದು, ಒಂದು ಜೀವ ಹೋಗಿ... ಆಗೋದೆಲ್ಲ ಒಳ್ಳೇದಕ್ಕೇ."

ಆ ಮಾತು ಗುಬ್ಬಿಗೆ ಊರುಗೋಲಾಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಊರಿಕೊಂಡು ನಡೆದಳು. ದೊಡ್ಡಪ್ಪನ ಕೈ ನಡುಗುವುದು ನಿಜ ತಾನೆ? ಅವರು ಓಡಿಸುವುದು ಬಿಟ್ಟದ್ದು ಒಳ್ಳೆಯದೇ ತಾನೆ? ಈಗ ಹೇಳಿದರೆ ಅಕ್ಕನ ನೆಮ್ಮದಿಯೂ ಹಾಳು. ಹೀಗೆ ಒಂದಕ್ಕೊಂದು ಜೋಡಿಸಿ ಒಳ್ಳೆಯ ಗೋಡೆಯನ್ನೇ ಕಟ್ಟಿದಳು. ರಸ್ತೆ ದಾಟುವಾಗ ಯಾವನೋ ಗೇರು ಕಿರ್ರೆನಿಸಿದ. ಅಷ್ಟಕ್ಕೇ ಗೋಡೆ ಕುಸಿದುಬಿತ್ತು.

ಅವಳು ದಿನ ಬಿಟ್ಟು ದಿನ ದೊಡ್ಡಪ್ಪನ ಮನೆಗೆ ಹೋಗತೊಡಗಿದಳು. ಹಣ್ಣು ಒಯ್ದಳು, ದೊಡ್ಡಮ್ಮನಿಗೆ ಹೊಸ ಸ್ವೆಟರು ಒಯ್ದಳು, ಕೆಟ್ಟಿದ್ದ ನಲ್ಲಿ ತಾನೇ ಸರಿಮಾಡಿಸಿದಳು. "ಹೊಟ್ಟೇಲಿ ಹುಟ್ಟಿದೋರೂ ಇಷ್ಟು ಮಾಡಲ್ಲ ಕಣೇ," ಎಂದು ದೊಡ್ಡಮ್ಮ ಗಲ್ಲ ಸವರಿದಾಗ ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

ಹೋದಾಗಲೆಲ್ಲ ದೊಡ್ಡಪ್ಪ ಒಂದಿಷ್ಟು ಕುಗ್ಗಿರುತ್ತಿದ್ದರು. ಮೊದಲು ಕಾರು ಬಿಟ್ಟರು. ಆಮೇಲೆ ಸೈಕಲ್ಲು. ಆಮೇಲೆ ಗಡ್ಡ ಹೆರೆಯಲು ಹೆಂಡತಿಯನ್ನು ಕೂಗತೊಡಗಿದರು. ಗ್ಯಾಸ್ ಒಲೆ ಹಚ್ಚಿದೆನೋ ಆರಿಸಿದೆನೋ ಎಂದು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದರು. ಏನಾದರೂ ಕೇಳಿದರೆ, "ನನ್ನ ಮಾತು ನಂಬಬೇಡಿ, ನಂಗೀಗ ನೆನಪಿರಲ್ಲ," ಅನ್ನುತ್ತಿದ್ದರು. ನೆನಪು ಎಳ್ಳಷ್ಟೂ ಮಾಸಿರಲಿಲ್ಲವೆಂದು ಗೊತ್ತಿದ್ದವಳು ಗುಬ್ಬಿಯೊಬ್ಬಳೇ. ಮಾಡದ ಕೆಲಸ ನೆನಪಿರುವುದಾದರೂ ಹೇಗೆ?

ಈ ನಡುವೆ ಕಚೇರಿಯಲ್ಲಿ ಲೇಖನಕ್ಕೆ ಕೂಗು ಎದ್ದಿತು. ಅವಳು ಹೊಸ ಕಾರಿನ ಭಾಗ ಬರೆದಿದ್ದಳು. ಹಳದಿ ಕಾರಿನ ಭಾಗ ಮುಂದೆ ಹೋಗುತ್ತಿರಲಿಲ್ಲ. ಸಂಪಾದಕರು ಕೋಣೆಗೆ ಕರೆದು, ಜೋಡಿಸಿದ ಪುಟವನ್ನು ಪರದೆಯ ಮೇಲೆ ತೋರಿಸಿದರು. ಎಡಕ್ಕೆ ಬೂದು ಕಾರು, ಬಲಕ್ಕೆ ಧೂಳೆಬ್ಬಿಸುತ್ತಿರುವ ಹಳದಿ ಕಾರು. ಕ್ಲಿಕ್ಕಣ್ಣನ ಆ ಕೊನೆಯ ಚಿತ್ರವೇ. ಅಡ್ಡಲಾಗಿ ದಪ್ಪ ಅಕ್ಷರಗಳಲ್ಲಿ: 'ಮನೆ ತಲುಪದ ಮುದಿ ಹುಲಿ'.

"ಗಾಡಿ ದಾರೀಲೇ ಸತ್ತಿತಂತಲ್ಲ, ಇದಕ್ಕಿಂತ ಒಳ್ಳೆ ಕೊನೆ ಬೇಕೇನ್ರೀ?" ಎಂದರು ಸಂಪಾದಕರು. "ಹೊಸದು ದಿನವಿಡೀ ಓಡಿ ಒಂದು ಹನಿ ಬೆವರಲಿಲ್ಲ. ಹಳೇದು ಮನೆಗೇ ಹೋಗಲಿಲ್ಲ. ಹೋಲಿಕೆ ಮುಗೀತು!"

ಗುಬ್ಬಿ ಆ ಚಿತ್ರವನ್ನು ನೋಡುತ್ತಾ ನಿಂತಳು. ಮುಂಗಾಜಿನ ಹಿಂದೆ ತನ್ನದೇ ಮುಖ, ಚಿಕ್ಕದಾಗಿ, ನಗುತ್ತಿತ್ತು. ಇನ್ನೊಂದು ಕ್ಷಣ ಕಳೆದರೆ ಕೈ ತಪ್ಪುತ್ತದೆ ಎಂದು ಆ ಮುಖಕ್ಕೆ ಗೊತ್ತಿರಲಿಲ್ಲ.

"ಅದು ನಿಜ ಅಲ್ಲ ಸಾರ್," ಎಂದಳು. "ಗಾಡಿ ಕೆಟ್ಟಿಲ್ಲ. ನಾನು ಕೆಡಿಸಿದ್ದು."

ಸಂಪಾದಕರು ಕನ್ನಡಕ ತೆಗೆದರು. ಅವಳು ಎಲ್ಲ ಹೇಳಿದಳು. ಅವರು ಪರದೆ ಆರಿಸಿ, "ಓನರ್‌ಗೆ ಹೇಳಿದೀರಾ?" ಎಂದು ಕೇಳಿದರು.

"ಇಲ್ಲ."

"ಹಾಗಾದ್ರೆ ನನ್ನ ಮುಂದೆ ಯಾಕೆ ನಿಂತಿದೀರ? ಮೊದಲು ಅಲ್ಲಿಗೆ ಹೋಗಿ."

ಅವಳು ಹೋದಾಗ ದೊಡ್ಡಪ್ಪನ ಶೆಡ್ಡಿನಲ್ಲಿ ಅಪರಿಚಿತನೊಬ್ಬ ಟೇಪು ಹಿಡಿದು ಲೇತ್ ಯಂತ್ರದ ಅಳತೆ ತೆಗೆಯುತ್ತಿದ್ದ. ಯಂತ್ರವನ್ನು ಕೊಟ್ಟುಬಿಡುವುದೆಂದು ದೊಡ್ಡಪ್ಪ ತೀರ್ಮಾನ ಮಾಡಿದ್ದರು. "ಬೆರಳು ಕೊಯ್ದುಕೊಳ್ಳೋದಕ್ಕಿಂತ ಮುಂಚೆ ಹೋಗಲಿ," ಎಂದರು. ಕಾರು ಕಂಬಳಿ ಹೊದ್ದು ಹಿಂದೆ ನಿಂತಿತ್ತು.

"ಅವರನ್ನ ಕಳಿಸಿ ದೊಡ್ಡಪ್ಪ," ಎಂದಳು ಗುಬ್ಬಿ. "ಮಾತಾಡ್ಬೇಕು."

"ಏನಾಯ್ತೇ, ಮುಖ ಯಾಕೆ ಹಾಗಿದೆ?" ಎಂದು ದೊಡ್ಡಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಅಳತೆಯವನು ಹೋದ. ಮೂವರೂ ಅಡುಗೆಮನೆಯ ಮೇಜಿಗೆ ಕೂತರು. ಗುಬ್ಬಿ ಕೂರಲಾರದೆ ಮತ್ತೆ ಎದ್ದಳು.

"ಅವತ್ತು ಗೇರು ತಪ್ಪಿಸಿದ್ದು ನೀವಲ್ಲ. ನಾನು. ಮೂರರಿಂದ ನಾಲ್ಕಕ್ಕೆ ಹಾಕೋ ಬದಲು ಎರಡಕ್ಕೆ ಹಾಕ್ದೆ. ಕ್ಲಿಕ್ಕಣ್ಣ ಇನ್ನೊಂದು ಸಲ ಬಾ ಅಂದ, ಬಂದೆ. ನೀವು ಹೊಸ ಕಾರೊಳಗೆ ಕೂತಿದ್ರಿ. ನಿಮ್ಮ ಕೈ ಏನೂ ಮಾಡಿಲ್ಲ ದೊಡ್ಡಪ್ಪ. ನಿಮ್ಮ ನೆನಪೂ ಸರಿಯಾಗೇ ಇದೆ."

ದೊಡ್ಡಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಮುಳ್ಳು ಎಲ್ಲಿವರೆಗೆ ಹೋಯ್ತು?" ಎಂದರು ದೊಡ್ಡಪ್ಪ.

"ಅಂಕಿ ಮುಗಿಯೋ ಕಡೆಗೆ."

"ಗಾಡಿ ಕೆಮ್ಮಿದಾಗ ನಿನ್ನ ಕೇಳ್ದೆ."

"ಕೇಳಿದ್ರಿ."

"ಬಿಸಿಲಿಗೆ ಅಂದೆ."

"ಹೌದು."

ದೊಡ್ಡಪ್ಪ ಏರುದನಿಯಲ್ಲಿ ಬಯ್ಯಬಹುದೆಂದು ಅವಳು ಕಾದಳು. ಬಯ್ದರೆ ಹಗುರಾದೇನು ಎಂಬ ಆಸೆಯೂ ಇತ್ತು. ಅವರು ಬಯ್ಯಲಿಲ್ಲ. ಮೇಜಿನ ಮೇಲೆ ಎರಡೂ ಕೈಗಳನ್ನು ಅಂಗಾತ ಇಟ್ಟು ಬಹಳ ಹೊತ್ತು ನೋಡಿದರು.

"ಗೇರು ಯಾರಿಗೂ ತಪ್ಪತ್ತೆ," ಎಂದರು ಕೊನೆಗೆ. "ನಂಗೂ ತಪ್ಪಿದೆ. ಯಂತ್ರ ಮುರಿದ್ರೆ ಕೂರಿಸಬಹುದು. ಆದ್ರೆ ಇಷ್ಟು ದಿನ ನೀನು ಈ ಮನೆಗೆ ಬಂದು, ಹಣ್ಣು ಕೊಟ್ಟು, ನಾನು ನನ್ನ ಕೈನೇ ಶಪಿಸ್ತಾ ಕೂತಿರೋದನ್ನ ನೋಡ್ಕೊಂಡು ಹೋದೆಯಲ್ಲ." ಅವರು ಬಾಗಿಲ ಕಡೆ ಕೈ ತೋರಿಸಿದರು. "ಹೋಗು ಗುಬ್ಬಿ. ಈಗ ಹೋಗು."

ದೊಡ್ಡಮ್ಮ ಗೇಟಿನವರೆಗೂ ಬಂದಳು. ಗಲ್ಲ ಸವರಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಅವರ ಗಡ್ಡ ಹೆರೀತಾ ನಾನು ಎಷ್ಟು ಅತ್ತಿದೀನಿ ಗೊತ್ತಾ ನಿಂಗೆ?" ಎಂದಷ್ಟೇ ಹೇಳಿ ಗೇಟು ಹಾಕಿಕೊಂಡಳು.

ಅಕ್ಕ ಅದೇ ದಿನ ಫೋನು ಮಾಡಿ ಕೂಗಾಡಿದಳು. "ಹೇಳೋದಾದ್ರೆ ಅವತ್ತೇ ಹೇಳ್ಬೇಕಿತ್ತು, ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರಬೇಕಿತ್ತು! ಈಗ ಮತ್ತೆ ಕೀಲಿಕೈ ಕೊಡು ಅಂತ ನಿಂತಿದಾರೆ. ನಾಳೆ ಏನಾದ್ರೂ ಆದ್ರೆ ಅದೂ ನಿನ್ನ ತಲೆ ಮೇಲೇ." ಆಮೇಲೆ ಧ್ವನಿ ತಗ್ಗಿಸಿ, "ಆಗಿದ್ದು ಒಳ್ಳೇದಕ್ಕೇ ಅಂದಿದ್ನಲ್ಲ ನಾನು. ನಂಗೂ ನಾಚಿಕೆ ಆಗ್ತಿದೆ," ಎಂದಳು.

ಲೇಖನ ಆ ತಿಂಗಳು ಬರಲಿಲ್ಲ, ಮುಂದಿನ ತಿಂಗಳು ಬಂತು. ತಲೆಬರಹ ಬದಲಾಗಿತ್ತು. ಹೊಸ ಕಾರು ಎಲ್ಲ ಅಳತೆಯಲ್ಲೂ ಮೇಲು ಎಂದು ಗುಬ್ಬಿ ಮುಚ್ಚುಮರೆಯಿಲ್ಲದೆ ಬರೆದಳು: ವೇಗ, ಬ್ರೇಕು, ಆರಾಮ, ಜೀವರಕ್ಷಣೆ. ಅದು ತನ್ನ ತಪ್ಪನ್ನು ಹೇಗೆ ತಡೆಯಿತೆಂದೂ, ಅದೇ ತಪ್ಪನ್ನು ಹಳೆಯದರಲ್ಲಿ ಮಾಡಿ ತಾನು ಅದನ್ನು ಹೇಗೆ ಮುರಿದೆನೆಂದೂ, ಮುರಿದದ್ದನ್ನು ಬಚ್ಚಿಟ್ಟೆನೆಂದೂ ಬರೆದಳು. ಓದಿದ ಕೆಲವರು ಶಹಬ್ಬಾಸ್ ಎಂದರು. ಆ ಮಾತು ಅವಳಿಗೆ ಸೇರಲಿಲ್ಲ. ಬೇರೆಯವರ ಅಪರೂಪದ ಕಾರುಗಳನ್ನು ಅವಳ ಕೈಗೆ ಕೊಡುವುದನ್ನು ಸಂಪಾದಕರು ನಿಲ್ಲಿಸಿದರು. ಅದು ನ್ಯಾಯವೇ ಅನ್ನಿಸಿತು.

ದೊಡ್ಡಪ್ಪ ಲೇತ್ ಕೊಡಲಿಲ್ಲ. ಅಕ್ಕನ ಜೊತೆ ಜಗಳವಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ವೈದ್ಯರು ಹೇಳಿದಂತೆ ಕೇಳುವುದು. ವೈದ್ಯರು ಕೈ ಮಡಚಿಸಿ, ಬೆರಳು ಎಣಿಸಿ, ನಡೆಸಿ ನೋಡಿದರು. ನೆನಪಿಗೆ ಏನೂ ಆಗಿಲ್ಲ. ಆದರೆ ನಡುಕ ನಿಜ, ಔಷಧಿಯಿಂದ ತಗ್ಗಬಹುದು, ಹೋಗುವುದಿಲ್ಲ. ಮನೆಯ ಕೆಲಸ, ಶೆಡ್ಡಿನ ಕೆಲಸ ಮಾಡಿ; ಗಾಡಿ ಮಾತ್ರ ಬೇಡ ಎಂದರು. ಅಕ್ಕ ಗಲಾಟೆ ನಿರೀಕ್ಷಿಸಿದ್ದಳು. ದೊಡ್ಡಪ್ಪ, "ನಿಜ ಆದ್ರೆ ಒಪ್ಕೋತೀನಿ. ಸುಳ್ಳಿಗೆ ಬಿಡು ಅಂದ್ರೆ ಹೇಗೆ ಬಿಡೋದು?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರಂತೆ.

ಇದನ್ನೆಲ್ಲ ಗುಬ್ಬಿಗೆ ಹೇಳಿದವಳು ಅಕ್ಕ. ದೊಡ್ಡಪ್ಪ ಗುಬ್ಬಿಯನ್ನು ಕರೆದಿರಲಿಲ್ಲ. ಅವಳೇ ಒಂದು ಭಾನುವಾರ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಳು. ದೊಡ್ಡಪ್ಪ ತಿರುಗಿ ನೋಡಿದರು, ಮತ್ತೆ ಕೆಲಸಕ್ಕೆ ಬಗ್ಗಿದರು. ಬಾ ಅನ್ನಲಿಲ್ಲ, ಹೋಗೂ ಅನ್ನಲಿಲ್ಲ. ಅವಳು ಹಳೆಯ ಅಂಗಿ ತೊಟ್ಟು, ಸೀಮೆಎಣ್ಣೆಯ ತಟ್ಟೆಯ ಮುಂದೆ ಕೂತು ಜಿಡ್ಡು ಹಿಡಿದ ಬೋಲ್ಟುಗಳನ್ನು ಉಜ್ಜತೊಡಗಿದಳು. ಮುಂದಿನ ಭಾನುವಾರವೂ ಬಂದಳು. ಮಾತೆಲ್ಲ ಕೆಲಸದ್ದೇ. "ಆ ಸ್ಪ್ಯಾನರ್ ಕೊಡು." "ಇದು ಸರಿಯಾಗಿ ತೊಳೆದಿಲ್ಲ." "ದೀಪ ಈ ಕಡೆ ಹಿಡಿ." ಹೊಸ ಪಿಸ್ಟನ್ ತರಿಸುವ ಭಾರ ತನ್ನದು ಎಂದು ಅವಳು ಹೇಳಿದಾಗ ಮಾತ್ರ ಅವರು ತಲೆಯೆತ್ತಿ, "ತರ್ಸು. ಒಳ್ಳೇದೇ ತರ್ಸು," ಎಂದರು. ಬೇಡ ಅನ್ನದೇ ಇದ್ದದ್ದು ಅವಳಿಗೆ ಎಷ್ಟೋ ಸಮಾಧಾನ ಕೊಟ್ಟಿತು.

ಋತು ಬದಲಾಗುವ ಹೊತ್ತಿಗೆ ಎಂಜಿನ್ ಮತ್ತೆ ತನ್ನ ಜಾಗದಲ್ಲಿ ಕೂತಿತು. ಮೊದಲ ಸಲ ಕೀಲಿ ತಿರುಗಿಸಿದಾಗ ಸೀನಿತು, ಎರಡನೆಯ ಸಲ ಗೊಣಗಿತು, ಆಮೇಲೆ ಒಂದೇ ಉಸಿರಿಗೆ ಹಿಡಿದುಕೊಂಡಿತು. ದೊಡ್ಡಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತರು. ಗುಬ್ಬಿಯ ಕಿವಿಯೂ ಅದರ ಮೇಲೇ. ಆ ಉಗುರಿನ ಸದ್ದು ಎಲ್ಲಾದರೂ ಉಳಿದಿದೆಯೋ ಎಂದು ಹುಡುಕುತ್ತಿದ್ದಳು. ಇರಲಿಲ್ಲ.

"ಯಾರು ಓಡಿಸ್ತೀರಿ?" ಎಂದಳು ದೊಡ್ಡಮ್ಮ.

ದೊಡ್ಡಪ್ಪ ಗುಬ್ಬಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಅವರು ಕೀಲಿಕೈಯನ್ನು ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಂದೆ ಹಿಡಿದರು. "ಬಾ, ನಿಂಗೆ ಕಲಿಸ್ತೀನಿ."

"ನಾನಾ? ಈ ರಾಕ್ಷಸಿನಾ?" ಎಂದು ಅಕ್ಕ ಹಿಂದೆ ಸರಿದಳು. ಬೈದು, ಪುಸಲಾಯಿಸಿ ಕೂರಿಸಿದರು. ಕಾರು ಎರಡು ಸಲ ಜಿಗಿದು ನಿಂತಿತು. ಮೂರನೆಯ ಸಲ ಆಮೆಯಂತೆ ಅಂಗಳ ದಾಟಿ, ದೊಡ್ಡಪ್ಪ ಪಕ್ಕದಲ್ಲಿ ಕೂತು ಕೈ ಬೀಸಿ ದಾರಿ ಹೇಳುತ್ತಿದ್ದ ಹಾಗೆಯೇ, ಬೀದಿಗೆ ತಿರುಗಿ ಮರೆಯಾಯಿತು.

ಗುಬ್ಬಿ ಮೂಲೆಯಿಂದ ಪೊರಕೆ ತಂದಳು. ಲೇತಿನ ಕೆಳಗೆ ಬಿದ್ದಿದ್ದ ಲೋಹದ ಸುರುಳಿಗಳನ್ನು ಗುಡಿಸಿ, ಎಣ್ಣೆ ಚೆಲ್ಲಿದ ಕಡೆ ಮರದ ಹೊಟ್ಟು ಹರಡಿದಳು. ದೊಡ್ಡಮ್ಮ ಎರಡು ಲೋಟ ಚಹಾ ತಂದು ಬಾಗಿಲ ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದಳು. ಗುಬ್ಬಿ ಕೈ ತೊಳೆದುಕೊಂಡು ಬಂದು ಕೂತಳು. ಇಬ್ಬರೂ ಕಾರು ಬರುವುದನ್ನು ಕಾಯುತ್ತಾ ಚಹಾ ಕುಡಿದರು.